ಎರಡು ಕಳೀಬೇಕು

ಅಲ್ಲ, ಇದರಲ್ಲಿ ನಗೋದೇನಿದೆ? ಬಲ್ಬು ತೆಗೆದಿದೀನಿ, ಗೋಡೆ ತೆಗೆದಿಲ್ಲ. ಏಳು ಕೋಣೆ ಇರೋ ಮನೇಲಿ ನಾಲ್ಕು ಕೋಣೇಲಿ ಯಾರೂ ಇಲ್ಲ. ಯಾರೂ ಇಲ್ಲದ ಕೋಣೇಲಿ ಯಾರಿಗೆ ಬೆಳಕು? ನೀನು ಬಂದವಳೇ ನೆಟ್ಟಗೆ ನಿನ್ನ ಹಳೇ ಕೋಣೆಗೆ ನುಗ್ಗಿ ಸ್ವಿಚ್ಚು ಒತ್ತಿ, ಹತ್ತಲಿಲ್ಲ ಅಂತ ನನ್ನ ಮುಖ ನೋಡ್ತೀಯ. ಕೂತ್ಕೋ. ಆ ಕುರ್ಚಿ ಬೇಡ, ಅದಕ್ಕೆ ಹಳದಿ ಚೀಟಿ ಅಂಟಿಸಿದೀನಿ. ಹಳದಿ ಅಂದ್ರೆ ಮಾರಾಟಕ್ಕೆ. ನೀಲಿ ಅಂದ್ರೆ ನಮ್ಮ ಜೊತೆ ಹೊಸ ಫ್ಲ್ಯಾಟಿಗೆ ಬರೋದು. ಈ ಮನೇಲಿ ಚೀಟಿ ಇಲ್ಲದೆ ಉಳಿದಿರೋದು ನಿಮ್ಮಮ್ಮನ ಮಂಚ ಒಂದೇ. ಅದರ ವಿಷಯಕ್ಕೆ ಬರ್ತೀನಿ.

ಇನ್ನೂ ಟೈಮಿದೆ. ನಿಮ್ಮಣ್ಣ ಅತ್ತೇನ ಸೊಂಟದ ವ್ಯಾಯಾಮಕ್ಕೆ ಆಸ್ಪತ್ರೆಗೆ ಕರ್ಕೊಂಡು ಹೋಗಿದಾರೆ, ಹನ್ನೆರಡಕ್ಕೆ ಬರ್ತಾರೆ. ಬಂದ ಮೇಲೆ ಎಲ್ಲರೂ ಊಟ ಮಾಡೋದು, ಆಮೇಲೆ ನೀನು ಅವರನ್ನ ಕರ್ಕೊಂಡು ನಿನ್ನ ಮನೆಗೆ ಹೋಗೋದು. ಹಾಗಂತ ಮಾತಾಗಿದೆ. ಪೆಟ್ಟಿಗೆ ಕಟ್ಟಿ ಬಾಗಿಲ ಹತ್ರಾನೇ ಇಟ್ಟಿದೀನಿ. ನೋಡಿಯೂ ನೋಡದ ಹಾಗೆ ದಾಟ್ಕೊಂಡು ಬಂದೆಯಲ್ಲ, ಅದನ್ನ ನಾನೂ ನೋಡಿದೆ.

ಏನು ಹಾಗೆ ನೋಡ್ತೀಯ? ನಾನೇನು ಅವರನ್ನ ಬೀದಿಗೆ ಕಳಿಸ್ತಿದೀನಾ? ಹೆತ್ತ ಮಗಳ ಮನೆಗೆ.

ಮೊದಲು ಖರ್ಚಿನ ವಿಷಯ ಹೇಳಿಬಿಡ್ತೀನಿ. ನೀನು ಕೇಳಿಲ್ಲ, ಗೊತ್ತು. ಕೇಳದಿದ್ರೂ ಹೇಳ್ತೀನಿ, ನಾಳೆ ನೆಂಟರ ಮನೇಲಿ ಕೂತು ಅತ್ತಿಗೆ ಮನೆ ಮಾರಿಸಿಬಿಟ್ಟಳು ಅನ್ನಬಾರದು. ಮಾವ ಕಟ್ಟಿದ ಮರದ ಸಾಮಾನಿನ ಅಂಗಡಿ ಮುಚ್ಚಿ ಮೂರು ವರ್ಷ. ನಿಮ್ಮಣ್ಣ ಈಗ ಔಷಧಿ ಗೋದಾಮಲ್ಲಿ ಸ್ಟೋರ್ ಕೀಪರ್, ಅದು ನಿನಗೆ ಗೊತ್ತು. ಗೊತ್ತಿಲ್ಲದ್ದು ಏನಂದ್ರೆ, ಅವರ ಸಂಬಳ ಪೂರ್ತಿ ಈ ಮನೆಯೇ ತಿನ್ನತ್ತೆ. ನಾವಲ್ಲ, ಮನೆ. ಮಹಡಿ ಸೋರತ್ತೆ, ರಿಪೇರಿ. ನೀರಿನ ಮೋಟಾರು ಸುಟ್ಟುಹೋಗತ್ತೆ, ರಿಪೇರಿ. ಕಂದಾಯ. ಗೆದ್ದಲಿಗೆ ಔಷಧಿ. ನಾವು ಮೂರು ಜನ ಉಣ್ಣೋದು ಎಲ್ಲಿಂದ ಅಂದ್ಕೊಂಡಿದೀಯ? ಅಗೋ, ಮೆಟ್ಟಿಲ ಕೆಳಗಿದೆಯಲ್ಲ, ಆ ಮೆಷಿನ್ನಿಂದ. ಶಾಲೆ ಯೂನಿಫಾರ್ಮು, ಕಿಟಕಿ ಪರದೆ, ಪಕ್ಕದ ಬೀದಿ ಬೇಕರಿಯವನ ಏಪ್ರನ್ನು. ಅಂಗಡಿ ಮುಚ್ಚಿದ ದಿನದಿಂದ ಈ ಮನೆಯ ಹಾಲು, ಅಕ್ಕಿ, ಅತ್ತೆಯ ಮಾತ್ರೆ, ಎಲ್ಲಾ ಆ ಸೂಜಿ ತುದೀಲಿ ಬಂದಿರೋದು. ಬಂದವರ ಹತ್ರ ನಿಮ್ಮಮ್ಮ ಏನಂತಾರೆ ಗೊತ್ತಾ? "ಸೊಸೆ ಹೊತ್ತು ಹೋಗಲಿ ಅಂತ ಏನೋ ಹೊಲೀತಿರ್ತಾಳೆ."

ಹೊತ್ತು ಹೋಗಲಿ ಅಂತ.

ಕಡಿಮೆ ಮಾಡಬಹುದಾದ್ದೆಲ್ಲ ಮಾಡಿ ನೋಡಿದೆ. ಹಾಲು ಅರ್ಧ ಲೀಟರಿಗೆ ಇಳಿಸಿದೆ. ಪೇಪರು ಪಕ್ಕದ ಮನೆಯವರ ಜೊತೆ ಪಾಲು, ಬೆಳಿಗ್ಗೆ ಅವರಿಗೆ, ಮಧ್ಯಾಹ್ನ ನಮಗೆ. ಸ್ನಾನಕ್ಕೆ ತಲೆಗೊಂದು ಬಕೆಟ್ ಬಿಸಿನೀರು. ಸೋಪನ್ನ ದಾರ ಹಾಕಿ ಎರಡು ಹೋಳು ಮಾಡಿ ಇಡ್ತೀನಿ, ಇಡಿಯಾಗಿ ಇಟ್ರೆ ಬೇಗ ಕರಗತ್ತೆ. ಬಲ್ಬು ತೆಗೆದೆ. ಅದಕ್ಕೆ ಅತ್ತೆ ಏನು ಮಾಡಿದ್ರು? ಒಂದು ದಿನ ಕೋಟಿನ ತೋಳು ಕೂಡಿಸೋಕೆ ಕೂತು ಸ್ವಿಚ್ಚು ಹಾಕ್ತೀನಿ, ಮೆಟ್ಟಿಲ ಕೆಳಗಿನ ಬಲ್ಬೇ ಮಾಯ. ಹುಡುಕಿದ್ರೆ ನಿನ್ನ ಕೋಣೇಲಿ ಉರೀತಿದೆ. ಮಗಳು ಬಂದ್ರೆ ಕತ್ತಲಲ್ಲಿ ಕೂರಬಾರದಂತೆ. ಆಗಿನ್ನೂ ಸೊಂಟ ಮುರಿದಿರಲಿಲ್ಲ, ಸ್ಟೂಲು ಹತ್ತಿ ತಾವೇ ಬಿಚ್ಚಿಕೊಂಡು ಹೋಗಿದಾರೆ. ನೀನು ವರ್ಷಕ್ಕೆ ಎಷ್ಟು ಸಲ ಬರ್ತೀಯ? ಬೇಡ, ಲೆಕ್ಕ ಹಾಕಬೇಡ, ಎರಡು ಕಳೆದ್ರೆ ಸೊನ್ನೆಗೆ ಬಂದು ನಿಲ್ಲತ್ತೆ. ಆವತ್ತೇ ಬಲ್ಬು ವಾಪಸ್ ತಂದೆ. ಅದಕ್ಕೇ ಇವತ್ತು ನಿನ್ನ ಕೋಣೆ ಕತ್ತಲು.

ನಕ್ಕೆಯಲ್ಲ. "ಎರಡು ಕಳಿ" ಅಂದ ತಕ್ಷಣ ನಗು ಬಂತು. ನೆನಪಿದೆ ಹಾಗಾದ್ರೆ. ನೆನಪಿರಲೇಬೇಕು, ಕತ್ತರಿಸಿದವಳು ನೀನೇ. ನಾನು ಈ ಮನೆಗೆ ಬಂದು ಹದಿನೈದು ದಿನ ಆಗಿರಲಿಲ್ಲ, ನಿನಗೆ ಹದಿಮೂರು ವರ್ಷ. ನಮ್ಮ ಹೊಲಿಗೆ ಮೇಷ್ಟ್ರು ಕೊಟ್ಟ ಟೇಪು, ಅದರ ಮೊದಲ ಎರಡಂಗುಲ ಕಚಕ್ ಅಂತ ಕತ್ತರಿಸಿ ಬೊಂಬೆಗೆ ಬೆಲ್ಟು ಮಾಡಿದೆ. ಆವತ್ತಿಂದ ಆ ಟೇಪು ಒಂದರಿಂದ ಶುರುವಾಗಲ್ಲ, ಮೂರರಿಂದ. ಹತ್ತು ಅಂತ ತೋರಿಸಿದ್ರೆ ಎಂಟು, ಮೂವತ್ತು ಅಂದ್ರೆ ಇಪ್ಪತ್ತೆಂಟು. ಟೇಪು ಹೇಳಿದ್ದರಲ್ಲಿ ಎರಡು ಕಳೀಬೇಕು. ಹೊಸದು ತಗೋ ಅಂದ್ರು ಎಲ್ಲರೂ, ನಾನು ತಗೊಳ್ಳಲಿಲ್ಲ. ಮೇಷ್ಟ್ರು ಕೊಟ್ಟಿದ್ದು. ಇಪ್ಪತ್ತಾರು ವರ್ಷದಿಂದ ಅದೇ ಟೇಪು, ಒಂದು ಬಟ್ಟೆ ಬಿಗಿ ಅಂತಾಗಲಿ ಸಡಿಲ ಅಂತಾಗಲಿ ವಾಪಸ್ ಬಂದಿಲ್ಲ. ಮನೆಯವರ ಬಾಯಲ್ಲೂ ಅದೇ ಮಾತು ಕೂತುಬಿಡ್ತು. ಅತ್ತೆ ಯಾರ ಹತ್ರಾನೋ "ನನ್ನ ಮಗಳು ತಿಂಗಳಿಗೆ ನಾಲ್ಕು ಸಲ ಫೋನ್ ಮಾಡ್ತಾಳೆ" ಅಂತಾರೆ, ನಿಮ್ಮಣ್ಣ ತಟ್ಟೆಯಿಂದ ತಲೆ ಎತ್ತದೆ "ಎರಡು ಕಳಿ" ಅಂತಾರೆ.

ಈಗ ಯಾಕೆ ನಗಲಿಲ್ಲ?

ಸರಿ. ಮಂಚದ ವಿಷಯ. ಫೋನಲ್ಲಿ ಹೇಳಿದೀನಿ, ಆದ್ರೂ ಎದುರಿಗೆ ಬಿಡಿಸಿ ಹೇಳ್ತೀನಿ, ಆಮೇಲೆ ಅತ್ತಿಗೆ ಅರ್ಧ ಹೇಳಿದಳು ಅನ್ನಬೇಡ. ಮನೆ ಮಾರಿದ ದುಡ್ಡಲ್ಲಿ ಅಂಗಡಿ ಸಾಲ ತೀರಿ ಉಳಿಯೋದಕ್ಕೆ ಸಿಕ್ಕಿರೋದು ಎರಡು ಕೋಣೆ ಫ್ಲ್ಯಾಟು. ಎರಡನೇ ಮಹಡಿ, ಲಿಫ್ಟಿದೆ. ದೊಡ್ಡ ಕೋಣೆ ನಮ್ಮದು. ಚಿಕ್ಕ ಕೋಣೆ ಅತ್ತೆಗೆ ಅಂತಲೇ ನೋಡಿದ್ದು, ಆಣೆ ಮಾಡಿ ಹೇಳ್ತೀನಿ. ಪೂರ್ವಕ್ಕೆ ಒಂದು ಕಿಟಕಿ ಇದೆ, ದೊಡ್ಡದು, ಬೆಳಿಗ್ಗೆ ಏಳರಿಂದ ಹನ್ನೊಂದರವರೆಗೆ ಬೆಳಕು ನೆಲದ ಮೇಲೆ ಹಾಸಿದ ಹಾಗೆ ಬಿದ್ದಿರತ್ತೆ, ಕಪ್ಪು ಬಟ್ಟೆಗೆ ಕಪ್ಪು ದಾರ ಹಾಕಿದ್ರೂ ಕಣ್ಣಿಗೆ... ಇರಲಿ. ಕಿಟಕಿ ಇದೆ ಅಷ್ಟೆ. ಎಲ್ಲಾ ಕೋಣೆಗೂ ಕಿಟಕಿ ಇರತ್ತೆ.

ಮಂಚ ಎಪ್ಪತ್ತಾರು ಅಂಗುಲ. ಮಾವ ಸ್ವಂತ ಕೈಲಿ ಮಾಡಿದ್ದು, ಒಂದು ಮೊಳೆ ಇಲ್ಲ. ಅತ್ತೆ ಎದ್ದು ಕೂತ್ರೆ ಎರಡೂ ಪಾದ ನೆಲಕ್ಕೆ ಸರಿಯಾಗಿ ತಾಗತ್ತೆ, ಅಷ್ಟು ಎತ್ತರ. ಸೊಂಟ ಜೋಡಿಸಿದ ಡಾಕ್ಟರು ಬಂದು ನೋಡಿ, ಈ ಮಂಚ ಮಾತ್ರ ಬದಲಾಯಿಸಬೇಡಿ, ಇದರಲ್ಲಾದ್ರೆ ಇವರು ಒಬ್ಬರೇ ಎದ್ದು ಓಡಾಡ್ತಾರೆ, ತಗ್ಗಿನ ಮಂಚ ಆದ್ರೆ ಇನ್ನೊಂದು ಸಲ ಬೀಳ್ತಾರೆ ಅಂದ್ರು. ಅಂಥದ್ದೇ ಇನ್ನೊಂದು ಮಾಡಿಸೋಣ ಅಂತ ಬಡಗಿಯನ್ನ ಕೇಳಿದೆ, ಅವನು ಹೇಳಿದ ರೇಟಿಗೆ ನಾನು ಆರು ತಿಂಗಳು ಯೂನಿಫಾರ್ಮು ಹೊಲೀಬೇಕು. ಕಾಲ ಕಡೆ ಹಲಗೆ ಸ್ವಲ್ಪ ಕತ್ತರಿಸಿದ್ರೆ ಹೇಗೆ ಅಂದೆ, ನಿಮ್ಮಣ್ಣ ನಾನೇನೋ ಅಮ್ಮನ ಕಾಲು ಕತ್ತರಿಸು ಅಂದ ಹಾಗೆ ನೋಡಿದ್ರು. ಅಡ್ಡ ಗೋಡೆಗೆ ಹಾಕೋಣ ಅಂದ್ರೆ ಅಲ್ಲಿ ಬಾತ್‌ರೂಮ್ ಬಾಗಿಲು. ಹಾಲಲ್ಲಿ ಹಾಕೋಣ ಅಂದ್ರೆ ಹಾಲಿಗೆ ಮೂರು ಬಾಗಿಲು, ಒಂದಲ್ಲ ಒಂದು ಮುಚ್ಚಲೇಬೇಕು. ನಮ್ಮ ದೊಡ್ಡ ಕೋಣೆ ಬಿಟ್ಟುಕೊಡೋಣ ಅಂದ್ರೆ ಅದಕ್ಕೆ ಅಂಟಿಕೊಂಡು ಬಾತ್‌ರೂಮಿಲ್ಲ, ಅವರಿಗೆ ರಾತ್ರಿ ಮೂರು ಸಲ ಏಳಬೇಕು. ನೋಡು, ನಾನು ಎಲ್ಲಾ ಯೋಚನೆ ಮಾಡಿದೀನಿ. ಒಂದನ್ನೂ ಬಿಟ್ಟಿಲ್ಲ. ಉಳಿದದ್ದು ಕಿಟಕಿ ಪಕ್ಕದ ಉದ್ದ ಗೋಡೆ ಒಂದೇ. ಅದು ಎಪ್ಪತ್ನಾಲ್ಕು. ಮಂಚ ಎಪ್ಪತ್ತಾರು. ಎರಡಂಗುಲ ಸಾಲದು. ಗೋಡೆ ರಬ್ಬರಲ್ಲವಲ್ಲ, ಎಳೆಯೋಕೆ.

ಏನು?

ಏನೂ ಕೇಳಲಿಲ್ಲ ನೀನು, ಹೌದು. ಬಾಯಿ ಬಿಗಿ ಹಿಡ್ಕೊಂಡು ಕೂತಿದೀಯಲ್ಲ, ಅದೂ ಕೇಳಿದ ಹಾಗೇನೇ. ಮೊನ್ನೆ ಫೋನಲ್ಲೂ ಹಾಗೇ. ಎಪ್ಪತ್ನಾಲ್ಕು ಅಂದೆ, ಆ ಕಡೆಯಿಂದ ಉಸಿರಿಲ್ಲ. ಲೈನು ಕಟ್ಟಾಯ್ತೇನೋ ಅಂತ ಎರಡು ಸಲ ಹಲೋ ಅಂದೆ. ನಿನ್ನ ಮನೇಲಿ ಮೂರು ಕೋಣೆ. ಒಂದರಲ್ಲಿ ನೀವಿಬ್ಬರು, ಒಂದರಲ್ಲಿ ಮಗಳು, ಮೂರನೇದರಲ್ಲಿ ವ್ಯಾಯಾಮದ ಸೈಕಲ್ಲು, ಅದನ್ನ ಸರಿಸಿದ್ರೆ ಮಂಚಕ್ಕೆ ಬೇಕಾದಷ್ಟು ಜಾಗ. ಆ ಸೈಕಲ್ ಮೇಲೆ ಯಾರೂ ಕೂತಿದ್ದು ನಾನು ನೋಡಿಲ್ಲ, ಒದ್ದೆ ಟವೆಲ್ಲು ಕೂತಿದ್ದು ನೋಡಿದೀನಿ. ಒಂದು ಸೈಕಲ್ಲಿಗೆ ಕೋಣೆ ಕೊಡ್ತೀಯ, ಹೆತ್ತವಳಿಗೆ ಅಂದ್ರೆ ಲೈನು ಕಟ್ಟಾಗತ್ತೆ.

ಹೌದು, ಮುಖ ಕೆಂಪಗಾಯ್ತು. ಆಗಲಿ. ನನ್ನ ಮುಖ ಎಷ್ಟು ಸಲ ಆಗಿದೆ.

ನಂಬಿಕೆ ಇಲ್ಲದಿದ್ರೆ ಬಾಯಿಬಿಟ್ಟು ಹೇಳು, ನನ್ನ ಹತ್ರ ಎಲ್ಲಾ ಬರಹದಲ್ಲಿದೆ. ಇರು, ಅಳತೆ ಪುಸ್ತಕ ತರ್ತೀನಿ... ಇಲ್ಲೇ ಮೆಷಿನ್ ಡ್ರಾಯರಲ್ಲಿ... ತಗೋ. ನೋಡು, ಕಣ್ಣಾರೆ ನೋಡು. ಇಪ್ಪತ್ತಾರು ವರ್ಷದಲ್ಲಿ ಇದು ಹನ್ನೊಂದನೇ ಪುಸ್ತಕ. ಇದರಲ್ಲಿ ಒಂದು ನಿಯಮ ಇದೆ, ಮೇಷ್ಟ್ರು ಹೇಳಿಕೊಟ್ಟಿದ್ದು. ಟೇಪು ಏನು ಹೇಳತ್ತೋ ಅದನ್ನೇ ಬರೀಬೇಕು. ಮನಸ್ಸಲ್ಲಿ ಕೂಡೋದು ಕಳೆಯೋದು ಮಾಡಿ ಬರೀಬಾರದು. ಬರೆಯುವಾಗ ಟೇಪಿನ ಮಾತು, ಕತ್ತರಿಸುವಾಗ ನಮ್ಮ ಮಾತು. ಅದಕ್ಕೇ ಇಲ್ಲಿರೋ ಪ್ರತಿ ಅಂಕಿಗೂ ಎರಡು ಜಾಸ್ತಿ ಇದೆ, ಕತ್ತರಿ ಹಿಡಿದಾಗ ಕಳೀತೀನಿ. ಅದು ಬೇಕರಿಯವನದು, ಅವನ ಹೊಟ್ಟೆ ನೋಡಿ ಗಾಬರಿಯಾಗಬೇಡ, ಅಲ್ಲೂ ಎರಡು ಕಳಿ. ಮುಂದೆ ತಿರುಗಿಸು. ಅದು ಬ್ಯಾಂಕಿನ ವಾಚ್‌ಮನ್ನು. ಇನ್ನೂ ಮುಂದೆ. ಹಾಂ, ಅದೇ ಪುಟ. ಮೇಲೆ "ಫ್ಲ್ಯಾಟ್" ಅಂತ ಬರೆದಿದೀನಲ್ಲ.

ನೋಡ್ತಿರು, ನಾನು ಹೇಳ್ತಿರ್ತೀನಿ. ಟೇಪಿನ ಕೊನೇ ಅಂಕಿ ಅರವತ್ತು, ಗೋಡೆ ಅದಕ್ಕಿಂತ ಉದ್ದ, ಹಾಗಾಗಿ ಎರಡು ಸಲ ಇಡಬೇಕಾಯ್ತು. ಬಾಗಿಲ ಕಡೆಯಿಂದ ಒಂದು ಸಲ ಇಟ್ಟೆ, ಟೇಪು ಮುಗಿದಲ್ಲಿ ಸೀಮೆಸುಣ್ಣದಲ್ಲಿ ಗೆರೆ ಹಾಕಿದೆ, ಆ ಗೆರೆಯಿಂದ ಇನ್ನೊಂದು ಸಲ ಮೂಲೆವರೆಗೆ. ನಿಮ್ಮಣ್ಣ ಕೆಳಗೆ ಬ್ರೋಕರ್ ಜೊತೆ ಮಾತಾಡ್ತಿದ್ರು. ನಾನೊಬ್ಬಳೇ ಇದ್ದೆ. ಆ ಬೆಳಕಲ್ಲಿ. ಅದಕ್ಕೇ ಅಂಕಿ ಎಷ್ಟು ಸ್ಪಷ್ಟವಾಗಿ ಬಂದಿದೆ ನೋಡು, ಮೆಟ್ಟಿಲ ಕೆಳಗೆ ಬರೆದ ಹಾಗಿಲ್ಲ...

ಏನದು, ತುಟಿ ಅಲ್ಲಾಡ್ತಿದೆ?

ಜೋರಾಗಿ ಓದಿದ್ರೆ ನಾನೂ ಕೇಳ್ತೀನಿ. ಅರವತ್ತು. ಸರಿ. ಇಪ್ಪತ್ತೆರಡು. ಸರಿ. ಅರವತ್ತು, ಇಪ್ಪತ್ತೆರಡು, ಎಂಬತ್ತೆರಡು. ಹೈಸ್ಕೂಲಲ್ಲಿ ಲೆಕ್ಕ ಹೇಳಿಕೊಡೋ ಟೀಚರ್ರು ನೀನು, ಇಷ್ಟಕ್ಕೆ ಬೆರಳು ಮಡಚ್ತೀಯಾ? ಎರಡು ಸಲ ಟೇಪು ಇಟ್ಟಿದೀನಿ, ಒಂದೊಂದು ಸಲಕ್ಕೆ ಎರಡೆರಡು. ನಾಲ್ಕು ಕಳೀಬೇಕು. ಕಳಿ. ಎಂಬತ್ತೆರಡರಲ್ಲಿ ನಾಲ್ಕು ಹೋದ್ರೆ...

ಅಲ್ಲ, ಅಷ್ಟೇ ಅಲ್ಲ. ಇನ್ನೊಂದು ನಾಲ್ಕು ಕಳೀಬೇಕು. ಯಾಕಂದ್ರೆ ಗೋಡೆಗೆ ಗಾರೆ ಇನ್ನೊಂದು ಸುತ್ತು ಬರತ್ತೆ, ಬ್ರೋಕರ್ ಹೇಳಿದಾನೆ, ಗಾರೆ ಅಂದ್ರೆ ಎರಡೂ ಕಡೆ... ಆಮೇಲೆ ಟೇಪು ಹಳೇದು, ಎಳೆದ್ರೆ ಸ್ವಲ್ಪ ಹಿಗ್ಗತ್ತೆ, ಆ ಲೆಕ್ಕ... ಆಮೇಲೆ ನಾನು ಬರೆಯುವಾಗಲೇ...

ಹಾಗೆ ನೋಡಬೇಡ.

ಪುಸ್ತಕ ಕೊಡು ಇಲ್ಲಿ. ಸಾಕು ನೋಡಿದ್ದು. ಕೊಡು ಅಂದೆ. ಬೆರಳು ತೆಗಿ ಅಲ್ಲಿಂದ, ಕೆಳಗಿನ ಸಾಲು ಮಂಚಕ್ಕೆ ಸಂಬಂಧಪಟ್ಟದ್ದಲ್ಲ. ಅದು... ಅದು ಸುಮ್ಮನೆ ಬರೆದದ್ದು. ಕಿಟಕಿ ಅಗಲ ನಲವತ್ತೆರಡು. ಮೆಷಿನ್ ಮೇಜು ಮೂವತ್ತೆಂಟು. ಇಸ್ತ್ರಿ ಹಲಗೆ ಐವತ್ತು. ಕತ್ತರಿಸೋ ಮೇಜಿಗೆ ಉಳಿಯೋ ಜಾಗ... ಓದಿಯಾಯ್ತಲ್ಲ, ಮತ್ತೆ ಯಾಕೆ ನನ್ನ ಬಾಯಲ್ಲಿ ಓದಿಸ್ತೀಯ?

ಹೌದು. ಸುಮ್ಮನೆ ಅಳೆದೆ. ಅಳೆಯೋಕೂ ನಿಮ್ಮಮ್ಮನ ಅಪ್ಪಣೆ ಬೇಕಾ?

ನೀನು ಯಾವತ್ತಾದ್ರೂ ಆ ಮೆಟ್ಟಿಲ ಕೆಳಗೆ ಕೂತು ನೋಡಿದೀಯಾ? ಏಳು ಕೋಣೆ ಮನೆ. ನಾನು ಬಂದಾಗ ಮೆಷಿನ್ ಎಲ್ಲಿಡಲಿ ಅಂತ ಕೇಳಿದೆ, ಅತ್ತೆ ಒಂದೊಂದೇ ಕೋಣೆ ತೋರಿಸಿದ್ರು. ಇದು ಮಾವಂದು, ಇದು ನೆಂಟರದ್ದು, ಇದು ಮಗಳದ್ದು, ಇದು ಸಾಮಾನಿಂದು. ಕೊನೆಗೆ ಬಂದು ನಿಂತದ್ದು ಅಲ್ಲಿ. ಮೇಲೆ ಯಾರು ಹತ್ತಿಳಿದ್ರೂ ನನ್ನ ಬಟ್ಟೆ ಮೇಲೆ ಧೂಳು ಉದುರತ್ತೆ. ನೆಟ್ಟಗೆ ನಿಂತ್ರೆ ತಲೆ ತಾಗತ್ತೆ, ಅದಕ್ಕೇ ನಾನು ಎದ್ದು ಓಡಾಡುವಾಗಲೂ ಬಗ್ಗಿಕೊಂಡೇ ಇರ್ತೀನಿ, ಬೇಕರಿಯವನ ಹೆಂಡತಿ ಕೇಳಿದಳು, ನಿಮಗೂ ಸೊಂಟ ನೋವಾ ಅಂತ. ಆ ಫ್ಲ್ಯಾಟಲ್ಲಿ ಟೇಪು ಸುತ್ತಿಕೊಂಡು ಕಿಟಕಿ ಹತ್ರ ನಿಂತಿದ್ದೆ. ಐದು ನಿಮಿಷ. ಯಾರೂ ತಲೆ ಮೇಲೆ ನಡೀಲಿಲ್ಲ.

ಆದ್ರೂ ನಾನು ಎಪ್ಪತ್ತೆಂಟು ಅಂತಲೇ ಹೇಳ್ತಿದ್ದೆ. ಕೇಳು, ಪೂರ್ತಿ ಕೇಳು. ಮನೆಗೆ ಬಂದು ಊಟಕ್ಕೆ ಕೂತಾಗ ನಿಮ್ಮಣ್ಣ ಗೋಡೆ ಎಷ್ಟು ಬಂತು ಅಂದ್ರು. ಹೇಳೋಕೆ ಬಾಯಿ ತೆಗೆದಿದ್ದೆ. ಅಷ್ಟರಲ್ಲಿ ಅತ್ತೆ ಮಗನಿಗೆ ಅಂದ್ರು, "ನನ್ನ ಮಂಚ ಹಿಡಿಸತ್ತೆ ಬಿಡು. ಇವಳ ಮೆಷಿನ್ನು ಬಾಲ್ಕನೀಲಿ ಇಟ್ಕೊಳ್ಳಲಿ, ಮಳೆ ಬಂದ್ರೆ ಒಂದು ಗೋಣಿ ಹೊದಿಸಿದ್ರಾಯ್ತು."

ಎಪ್ಪತ್ನಾಲ್ಕು ಅಂದೆ.

ಬಾಯಿಂದ ಬಂದುಬಿಡ್ತು. ಬಂದ ಮೇಲೆ ಹಿಂದಕ್ಕೆ ತಗೋಬಹುದಿತ್ತು. ತಗೊಳ್ಳಲಿಲ್ಲ. ನಿಮ್ಮಣ್ಣ, ಇನ್ನೊಂದು ಸಲ ಹೋಗಿ ಅಳೆದು ಬರ್ಲಾ ಅಂದ್ರು. ಆಗ ಅತ್ತೆ ಏನಂದ್ರು ಗೊತ್ತಾ? "ಬೇಡ ಬಿಡೋ. ಅವಳು ಅಳೆದಿದಾಳೆ ಅಂದ್ರೆ ಮುಗೀತು. ಅವಳ ಅಳತೆ ತಪ್ಪಲ್ಲ" ಅಂದ್ರು. ಇಪ್ಪತ್ತಾರು ವರ್ಷದಲ್ಲಿ ನಿಮ್ಮಮ್ಮನ ಬಾಯಿಂದ ನನ್ನ ಕೆಲಸಕ್ಕೆ ಬಂದ ಒಳ್ಳೇ ಮಾತು ಅದೊಂದೇ. ಹೇಳಿ, ಅನ್ನ ಅರ್ಧಕ್ಕೆ ಬಿಟ್ಟು, ಕೋಲು ಊರಿಕೊಂಡು ಎದ್ದು ಹೋದ್ರು. ಮಾರನೇ ದಿನ ತಾವೇ ಪೆಟ್ಟಿಗೆ ತೆಗೆದು ಬಟ್ಟೆ ಮಡಚೋಕೆ ಶುರುಮಾಡಿದ್ರು. ನನ್ನ ಹತ್ರ ಒಂದು ಮಾತು ಹೇಳಲಿಲ್ಲ.

ಈಗ ನೀನೂ ಹೇಳಬೇಡ. ಅಮ್ಮನೂ ಮಗಳೂ ಒಂದೇ ಅಚ್ಚು.

ಏನಿದು? ಪೆನ್ಸಿಲ್ ಯಾಕೆ ಚಾಚ್ತಿದೀಯ?

ಓ. ಗೊತ್ತಾಯ್ತು. ಲೆಕ್ಕದಲ್ಲಿ ತಪ್ಪಾಯ್ತು ಅಂದುಬಿಡೋಣ, ಅಲ್ವಾ? ನಾಲ್ಕು ಕಳೆಯೋ ಕಡೆ ಎಂಟು ಕಳೆದುಬಿಟ್ಟೆ, ವಯಸ್ಸಾಯ್ತು, ಮನೆ ಖಾಲಿ ಮಾಡೋ ಗಡಿಬಿಡಿ, ಯಾರಿಗಾದ್ರೂ ಆಗತ್ತೆ. ಅವರು ಬರೋದರೊಳಗೆ ತಿದ್ದಿ ಇಟ್ರೆ ಯಾರೂ ಏನೂ ಅನ್ನಲ್ಲ. ನಿನಗೂ ಒಳ್ಳೇದೇ, ನಿನ್ನ ಸೈಕಲ್ಲು ಇದ್ದಲ್ಲೇ ಇರತ್ತೆ. ನನಗೆ ದೊಡ್ಡ ಉಪಕಾರ ಮಾಡಿದ ಹಾಗೆ ಪೆನ್ಸಿಲ್ ಹಿಡ್ಕೊಂಡು ಕೂತಿದೀಯ.

ಬೇಡ.

ಸೊಸೆ ಸುಳ್ಳು ಹೇಳಿದಳು ಅನ್ನು. ಅತ್ತೇನ ಹೊರಗೆ ಹಾಕೋಕೆ ನೋಡಿದಳು ಅನ್ನು, ನಿಮ್ಮಣ್ಣನ ಮುಂದೆ ಅನ್ನು, ನೆಂಟರ ಮುಂದೆ ಅನ್ನು. ಅಳತೆ ತಪ್ಪಿದಳು ಅಂತ ಮಾತ್ರ ಅನ್ನಬೇಡ. ನಾನು ತಪ್ಪು ಅಳೆದಿಲ್ಲ. ಅರವತ್ತು, ಇಪ್ಪತ್ತೆರಡು, ಟೇಪು ಹೇಳಿದ್ದನ್ನೇ ಬರೆದಿದೀನಿ, ನಿನ್ನ ಕೈಯಲ್ಲೇ ಇದೆ. ಕಳೆದದ್ದೂ ಗೊತ್ತಿದ್ದೇ ಕಳೆದದ್ದು.

ಯಾಕೆ ಕಣ್ಣು ಒರೆಸ್ಕೋತೀಯ? ಅಳೋದಿದ್ರೆ ನಾನು ಅಳಬೇಕು. ಬೈಯಿ, ಅದಾದ್ರೂ ಮಾಡು.

ಗೇಟು ಸದ್ದು. ಬಂದ್ರು. ಕೋಲಿನ ಸದ್ದು ಕೇಳಿಸ್ತಾ? ಮೆಟ್ಟಿಲ ಹತ್ರ ಬರೋಕೆ ಇನ್ನೂ ಎರಡು ನಿಮಿಷ ಬೇಕು ಅವರಿಗೆ. ಬೇಡ, ನೀನು ಬರೀಬೇಡ. ಪೆನ್ಸಿಲ್ ಕೊಡು ಇಲ್ಲಿ. ನನ್ನ ಪುಸ್ತಕದಲ್ಲಿ ಇನ್ನೊಬ್ಬರ ಅಕ್ಷರ ಇಲ್ಲ. ಎಪ್ಪತ್ತೆಂಟು. ನೋಡ್ಕೋ, ಬರೆದೆ. ಮೇಷ್ಟ್ರ ನಿಯಮ ಮುರಿದು, ಕಳೆದೇ ಬರೆದಿದೀನಿ. ಆ ನೀಲಿ ಚೀಟಿ ತಗೊಂಡು ಹೋಗಿ ಮಂಚಕ್ಕೆ ಅಂಟಿಸು. ಬೇಗ.

ನಿಂತೆ ಯಾಕೆ? ಗೋಡೆ ಎಪ್ಪತ್ತೆಂಟು, ಮಂಚ ಎಪ್ಪತ್ತಾರು. ಇನ್ನೂ ಎರಡಂಗುಲ ಉಳಿಯತ್ತೆ. ಲೆಕ್ಕದ ಟೀಚರ್ರು ನೀನು, ನೀನೇ ಹೇಳು. ಆ ಎರಡಂಗುಲದಲ್ಲಿ ನಾನು ಏನಿಟ್ಕೊಳ್ಳಲಿ?